ಕಾಶಿಯ ತೀರ್ಥವೂ ಕುಡಿಯುವ ನೀರೂ

ಕನ್ನಡಿಗರ ಧಾರ್ಮಿಕ ಜೀವನದಲ್ಲಿ ಕಾಶೀಯಾತ್ರೆಗೆ ಇರುವ ಸ್ಥಾನವು ಸರ್ವವಿದಿತವಾದುದು. ಜಂಗಮವಾಡಿ ಮಠವೂ ಹನುಮಾನ್ ಘಾಟಿನ ಕರ್ನಾಟಕ ಛತ್ರವೂ ಇಂದಿಗೂ ಅದಕ್ಕೆ ಸಾಕ್ಷಿಯಾಗಿವೆ. ಯಾತ್ರೆಯಿಂದ ಹಿಂತಿರುಗಿದವರು ತರುವ, ಬಾಯಿಗೆ ಬೆಸುಗೆ ಹಾಕಿದ ಗಂಗಾಜಲದ ಗಿಂಡಿಯು ಊರಿಂದೂರಿಗೆ ವರ್ಗವಾಗುವ ನಮ್ಮಂಥವರ ಸಂಸಾರಗಳಲ್ಲಿಯೂ ದೇವರ ಪೆಟ್ಟಿಗೆಯೊಡನೆ ಪ್ರಯಾಣ ಮಾಡುತ್ತದೆ. ಆದರೆ ಅದೇ ನದಿಯ ತೀರದಲ್ಲಿ ಸಾಂಕ್ರಾಮಿಕ ರೋಗಗಳನ್ನು ತಡೆಯಲು ನಡೆದ ಪ್ರಯತ್ನಗಳ ಇತಿಹಾಸವನ್ನು ನಾವು ಅಷ್ಟಾಗಿ ಪರಿಶೀಲಿಸಿಲ್ಲ. ತೀರ್ಥದ ಪಾವಿತ್ರ್ಯ ಮತ್ತು ಕುಡಿಯುವ ನೀರಿನ ನೈರ್ಮಲ್ಯ, ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಇವನ್ನು ಒಂದೇ ಎಂದು ಭಾವಿಸಿದಾಗಲೂ, ಒಂದು ಇನ್ನೊಂದರ ವೈರಿಯೆಂದು ಭಾವಿಸಿದಾಗಲೂ ಜನರಿಗೆ ಕೇಡೇ ಒದಗಿತೆಂಬುದು ಆ ಇತಿಹಾಸದಿಂದ ವ್ಯಕ್ತವಾಗುತ್ತದೆ.

ಈ ವಿಷಯದಲ್ಲಿ ಮೊದಲು ಸ್ಮರಿಸಬೇಕಾದ ಹೆಸರು ಜೇಮ್ಸ್ ಪ್ರಿನ್ಸೆಪ್‌ನದು. 1837ರಲ್ಲಿ ಬ್ರಾಹ್ಮೀಲಿಪಿಯ ರಹಸ್ಯವನ್ನು ಭೇದಿಸಿ ಅಶೋಕನ ಶಾಸನಗಳಿಗೆ ಬಾಯಿ ಬರಿಸಿದ ಈ ವಿದ್ವಾಂಸನು 1820ರಿಂದ 1830ರವರೆಗೆ ಕಾಶಿಯ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದನು. ನಾಣ್ಯದ ಶುದ್ಧಿಯನ್ನು ತೂಗಿ ನೋಡುವುದು ಅವನ ಉದ್ಯೋಗ. ಹಣದ ವ್ಯವಹಾರದಲ್ಲಿಯೇ ದಿನ ಕಳೆಯುವ ನನ್ನಂಥವನಿಗೆ ಅವನಲ್ಲಿ ವಿಶೇಷ ಆದರವುಂಟಾಗುವುದು ಸಹಜ. ಆತನು ನಗರದ ಜನಗಣತಿ ಮಾಡಿಸಿದನಲ್ಲದೆ, ಜನನಿಬಿಡವಾದ ಮೊಹಲ್ಲಾಗಳಲ್ಲಿ ಕೊಳೆತು ನಿಂತಿದ್ದ ಕುಂಟೆಗಳ ನೀರು ಹರಿದುಹೋಗುವಂತೆ ನೆಲದಡಿಯಲ್ಲಿ ಸುರಂಗದ ಕಾಲುವೆಯನ್ನು ನಿರ್ಮಿಸಿದನು. ರೋಗವು ದುರ್ಗಂಧದ ಗಾಳಿಯಿಂದ ಹುಟ್ಟುತ್ತದೆಂಬುದು ಅಂದಿನ ನಂಬಿಕೆ. ಕಾರಣವನ್ನು ತಪ್ಪಾಗಿ ತಿಳಿದಿದ್ದರೂ ಕೊಳಚೆಯನ್ನು ಮನೆಗಳಿಂದ ದೂರಮಾಡಿದ ಈ ಕಾರ್ಯವು ಯೋಗ್ಯವಾದುದೇ ಆಗಿತ್ತು. ಆದರೆ ಆ ನೀರು ಸೇರುತ್ತಿದ್ದುದು ಗಂಗೆಯನ್ನೇ ಎಂಬುದನ್ನು ಮರೆಯಲಾಗದು.

ವಾಂತಿಭೇದಿಯು ನೀರಿನ ಮೂಲಕ ಹರಡುತ್ತದೆಂಬುದನ್ನು 1849ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಪ್ರತಿಪಾದಿಸಿದನು. 1884ರಲ್ಲಿ ರಾಬರ್ಟ್ ಕಾಕ್ ಕಲಕತ್ತೆಯ ಕೆರೆಯೊಂದರ ನೀರಿನಲ್ಲಿ ಈ ರೋಗದ ಸೂಕ್ಷ್ಮಾಣುವನ್ನು ಕಂಡನು. ಈ ಮಧ್ಯೆ 1867ರ ಹರಿದ್ವಾರದ ಕುಂಭಮೇಳದಲ್ಲಿ ವಾಂತಿಭೇದಿ ತಲೆದೋರಿ, ಊರುಗಳಿಗೆ ಮರಳಿದ ಯಾತ್ರಿಕರೊಡನೆ ಉತ್ತರ ಭಾರತದ ಬಹುಭಾಗಕ್ಕೆ ಹಬ್ಬಿತು. ಪುಣ್ಯಾರ್ಜನೆಗಾಗಿ ಹೋದವನು ತನ್ನ ಮನೆಯವರಿಗೆ ಮೃತ್ಯುವನ್ನು ಹೊತ್ತು ತರುವ ದಾರುಣ ಸ್ಥಿತಿಯಿದು. ಯಾತ್ರಾಸ್ಥಳಗಳ ಆರೋಗ್ಯವು ಇಡೀ ದೇಶದ ಆರೋಗ್ಯದ ಪ್ರಶ್ನೆಯಾದುದು ಹೀಗೆ.

1880ರ ದಶಕದಲ್ಲಿ ಕಾಶಿಯ ಗಣ್ಯರು ‘ಕಾಶೀ ಗಂಗಾ ಪ್ರಸಾದಿನೀ ಸಭಾ’ ಎಂಬ ಸಂಸ್ಥೆಯನ್ನು ಕಟ್ಟಿ, ನಗರಕ್ಕೆ ನಿರ್ಮಲ ನೀರು ಒದಗಬೇಕು, ಚರಂಡಿಯ ಕೊಳೆ ನದಿಯನ್ನು ಸೇರಬಾರದು ಎಂಬ ಉದ್ದೇಶಗಳನ್ನು ಮುಂದಿಟ್ಟರು. ಗಂಗೆಯ ಮೇಲಿನ ಭಕ್ತಿಯಿಂದಲೇ ನೈರ್ಮಲ್ಯದ ಕಾರ್ಯವು ಹೊರಟಿತೆಂಬುದು ಇಲ್ಲಿ ಗಮನಾರ್ಹ. ಆದರೆ ಕಾರ್ಯವು ನಡೆದ ರೀತಿ ಬೇರೆಯಾಯಿತು. ಭದೈನಿಯಲ್ಲಿ ನದಿಯ ನೀರನ್ನು ಎತ್ತುವ ಯಂತ್ರಾಗಾರಕ್ಕೆಂದು ಗೊತ್ತುಮಾಡಿದ ಸ್ಥಳದಲ್ಲಿದ್ದ ರಾಮಮಂದಿರಕ್ಕೆ ಅಪಾಯವೊದಗಿತೆಂದು ಜನರು ಕೆರಳಿದರು. ಧಾನ್ಯದ ಬೆಲೆಯೇರಿಕೆಯ ಅಸಮಾಧಾನವೂ ಅದಕ್ಕೆ ಕೂಡಿಕೊಂಡಿತು. 1891ರ ಏಪ್ರಿಲಿನಲ್ಲಿ ದೊಡ್ಡ ದಂಗೆಯಾಗಿ ಜಲಾಗಾರದ ಯಂತ್ರಗಳೂ ತಂತಿ ಕಚೇರಿಯೂ ಧ್ವಂಸಕ್ಕೊಳಗಾದವು. ಇದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ತಮ್ಮ ಹಿತಕ್ಕೆಂದೇ ನಡೆಯುವ ಕಾರ್ಯದಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲವೆಂದು ಕಂಡಾಗ ಜನರು ಆ ಹಿತವನ್ನೇ ಶಂಕಿಸುತ್ತಾರೆಂಬುದು ಇದರ ನಿಜವಾದ ಪಾಠ.

ಅಂತೂ 1892ರಲ್ಲಿ ಜಲಾಗಾರವು ಕೆಲಸವನ್ನಾರಂಭಿಸಿತು. ಭದೈನಿಯಲ್ಲಿ ಎತ್ತಿದ ನೀರು ಭೇಲೂಪುರದಲ್ಲಿ ತಿಳಿಯಾಗಿ, ಮರಳಿನಲ್ಲಿ ಸೋಸಿ, ಕೊಳವೆಗಳಲ್ಲಿ ನಗರಕ್ಕೆ ಹರಿಯಿತು. ಮರಳಿನ ಸೋಸುವಿಕೆಯ ಮಹತ್ವವನ್ನು ಅದೇ ವರ್ಷ ಜರ್ಮನಿಯ ಎರಡು ನಗರಗಳು ಜಗತ್ತಿಗೆ ತೋರಿಸಿಕೊಟ್ಟವು. ಎಲ್ಬ ನದಿಯ ನೀರನ್ನು ಸೋಸದೆ ಕುಡಿಯುತ್ತಿದ್ದ ಹ್ಯಾಂಬರ್ಗಿನಲ್ಲಿ 8,000ಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಮಡಿದರು. ಅದಕ್ಕೆ ಅಂಟಿಕೊಂಡೇ ಇದ್ದ, ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ನಮ್ಮ ಬೆಂಗಳೂರು ಹೆಸರಘಟ್ಟದ ನೀರನ್ನು ಪಡೆದುದೂ ಇದೇ ದಶಕದಲ್ಲಿ. ತೊಗಲಿನ ವಾಷರು ತಾಗಿದ ನಲ್ಲಿಯ ನೀರು ಮಡಿಗೆ ಸಲ್ಲದೆಂದು ಬಾವಿಯನ್ನೇ ನೆಚ್ಚಿಕೊಂಡ ಮನೆಗಳು ಅಲ್ಲಿಯೂ ಇದ್ದುವೆಂಬುದನ್ನು ನೆನೆದರೆ, ಕಾಶಿಯ ಜನರನ್ನು ಮಾತ್ರ ದೂಷಿಸಲು ನಮಗೆ ಮನಸ್ಸು ಬಾರದು.

ಇನ್ನು, ಗಂಗೆಯ ನೀರಿಗೆ ರೋಗವು ಅಂಟುವುದೇ ಇಲ್ಲವೆಂಬ ಮಾತಿದೆ. ಇದಕ್ಕೆ ಆಧಾರವಾಗಿ ಹೇಳಲಾಗುವುದು ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿಯು 1896ರಲ್ಲಿ ಪ್ರಕಟಿಸಿದ ಲೇಖನ. ಗಂಗಾ ಯಮುನೆಗಳ ನೀರಿನಲ್ಲಿ ವಾಂತಿಭೇದಿಯ ಸೂಕ್ಷ್ಮಾಣುಗಳು ಬೇಗನೆ ಸಾಯುತ್ತವೆ, ಕುದಿಸಿದ ನೀರಿನಲ್ಲಿ ಆ ಗುಣ ಉಳಿಯುವುದಿಲ್ಲ ಎಂದು ಆತನು ಕಂಡನು. ಸೂಕ್ಷ್ಮಾಣುಗಳನ್ನು ನಾಶಮಾಡುವ ವೈರಸ್ಸುಗಳನ್ನು 1915ರಲ್ಲಿ ಟ್ವಾರ್ಟನೂ 1917ರಲ್ಲಿ ಡಿ’ಹೆರೆಲ್ಲನೂ ಗುರುತಿಸಿದ ಮೇಲೆ ಈ ಲೇಖನವು ಹೊಸ ಪ್ರಾಮುಖ್ಯವನ್ನು ಪಡೆಯಿತು. ಆದರೆ ಪ್ರಯೋಗಶಾಲೆಯ ಪಾತ್ರೆಯಲ್ಲಿ ಕಂಡ ಗುಣವು ಸಾವಿರಾರು ಮನೆಗಳ ಕೊಳಚೆ ಎಡೆಬಿಡದೆ ಸೇರುವ ಪ್ರವಾಹವನ್ನು ಕಾಯುತ್ತದೆಂದು ಹೇಳಲು ಬರುವುದಿಲ್ಲ. ಹರಿದ್ವಾರದಲ್ಲಿ ರೋಗ ಹರಡಿದುದೂ ಗಂಗೆಯ ತಡಿಯಲ್ಲಿಯೇ ಅಲ್ಲವೆ?

ನಲ್ಲಿಗಳು ಬಂದುವು, ನೀರಿನ ಬಳಕೆ ಹೆಚ್ಚಿತು, ಹೊರಬೀಳುವ ಕೊಳೆಯೂ ಹೆಚ್ಚಿತು. ಅದನ್ನು ಶುದ್ಧೀಕರಿಸುವ ಏರ್ಪಾಡು ಮಾತ್ರ ಬಹುಕಾಲ ಹಿಂದುಳಿಯಿತು. ನದಿಯನ್ನು ನಿರ್ಮಲಗೊಳಿಸುವ ಕೇಂದ್ರ ಸರ್ಕಾರದ ಯೋಜನೆಯು 1986ರ ಜೂನ್ 14ರಂದು ಕಾಶಿಯಲ್ಲಿಯೇ ಉದ್ಘಾಟಿತವಾಯಿತು. ಆದರೆ ವಿದ್ಯುತ್ತು ನಿಂತಾಗ ಕೊಳಚೆಯನ್ನೆತ್ತುವ ಪಂಪುಗಳೂ ನಿಂತು, ಕೊಳೆ ಮತ್ತೆ ನದಿಗೆ ಹರಿಯುತ್ತಿತ್ತು. ಈ ದೋಷಗಳನ್ನು ಎತ್ತಿ ತೋರಿಸಿದವರಲ್ಲಿ ಪ್ರಮುಖರು ವೀರಭದ್ರ ಮಿಶ್ರರು. ಅವರು ಸಂಕಟಮೋಚನ ದೇವಾಲಯದ ಮಹಂತರು. ಕಾಶೀ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಲಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದರು. 1982ರಲ್ಲಿ ಸಂಕಟಮೋಚನ ಪ್ರತಿಷ್ಠಾನವನ್ನು ಸ್ಥಾಪಿಸಿದ ಅವರು, 2013ರಲ್ಲಿ ತೀರಿಕೊಳ್ಳುವವರೆಗೂ ಈ ಕಾರ್ಯವನ್ನು ಬಿಡಲಿಲ್ಲ. ನದಿಯಲ್ಲಿ ಮಿಂದು ಪೂಜೆ ಮಾಡುತ್ತಿದ್ದ ಅದೇ ಮನುಷ್ಯರು ಆ ನೀರಿನಲ್ಲಿರುವ ಮಲಜನ್ಯ ಸೂಕ್ಷ್ಮಾಣುಗಳನ್ನು ಎಣಿಸಿ ಲೋಕಕ್ಕೆ ತಿಳಿಸುವ ವ್ಯವಸ್ಥೆಯನ್ನು ಮಾಡಿದರು. ಅವರ ಪ್ರಯೋಗಶಾಲೆಯಿದ್ದ ತುಳಸೀಘಾಟ್, 1891ರಲ್ಲಿ ದಂಗೆಯೆದ್ದ ಭದೈನಿಗೆ ಸಮೀಪದಲ್ಲಿಯೇ ಇದೆ.

ಈ ಸಂಗತಿಗಳನ್ನು ಒಟ್ಟಾಗಿ ನೋಡಿದರೆ, ಆರೋಗ್ಯರಕ್ಷಣೆಯ ತಿಳಿವಳಿಕೆಯು ನಮ್ಮ ಸಂಪ್ರದಾಯಕ್ಕೆ ಪರಕೀಯವಾದುದೆಂದು ತಿಳಿಯಬೇಕಾಗಿಲ್ಲ. ನೀರಿನಲ್ಲಿ ಮಲಮೂತ್ರ ವಿಸರ್ಜನೆ ಮಾಡುವುದನ್ನೂ ಉಗುಳುವುದನ್ನೂ ಮನುಸ್ಮೃತಿಯೇ ನಿಷೇಧಿಸಿದೆ. ಆ ನಿಷೇಧವು ಒಬ್ಬೊಬ್ಬನ ಆಚಾರವಾಗಿ ಉಳಿಯಿತು. ನಗರದ ಚರಂಡಿಗೆ ಅದನ್ನು ಅನ್ವಯಿಸುವ ಹೊಣೆಯನ್ನು ಯಾರೂ ಹೊರಲಿಲ್ಲ. ದೇವರ ಮನೆಯಲ್ಲಿ ಗಿಂಡಿಯನ್ನಿಟ್ಟು ಪೂಜಿಸುವವರು ಕುಡಿಯುವ ನೀರನ್ನು ಕುದಿಸಿ ಆರಿಸುವುದರಿಂದ ಭಕ್ತಿಗೆ ಊನವೇನೂ ಬಾರದು. ಯಾತ್ರೆಗೆ ಹೊರಟ ಹಿರಿಯರಿಗೆ ಈ ಮಾತನ್ನು ಗೌರವದಿಂದ, ಅವರಿಗೆ ಒಪ್ಪುವ ಭಾಷೆಯಲ್ಲಿ ತಿಳಿಸುವುದು ವಿದ್ಯಾವಂತರ ಕರ್ತವ್ಯ. ಗಂಗೆಗೆ ಸೇರುವ ಕೊಳೆಯನ್ನು ತಡೆಯುವುದು ಪುರಸಭೆಯ ಕರ್ತವ್ಯ ಹೇಗೋ ಹಾಗೆಯೇ ಭಕ್ತರ ಕರ್ತವ್ಯವೂ ಹೌದು.