ಅಂಚೆಯಿಂದ ಲಾಗಿನ್‌ವರೆಗೆ: ಕಾಲೇಜಿಗೆ ಹೋಗದೆ ಪಡೆದ ಡಿಗ್ರಿಯ ಚರಿತ್ರೆ

ಭಾಗ 1 📮

“ಆನ್‌ಲೈನ್ ಡಿಗ್ರಿಗೆ ಬೆಲೆ ಇದೆಯಾ?” ಸೆಕೆಂಡ್ ಪಿಯು ರಿಸಲ್ಟ್ ಬಂದ ಮೇಲೆ ನಮ್ಮ ಗ್ರೂಪುಗಳಲ್ಲೆಲ್ಲ ಇದೇ ಮಾತು. ಪ್ರಶ್ನೆ ಹೊಸದು ಅನ್ಸುತ್ತೆ, ಆದರೆ ಅದಕ್ಕೆ ನೂರೈವತ್ತು ವರ್ಷ ದಾಟಿದೆ. ಅದಕ್ಕೇ ಈ ವಾರದ ಸರಣಿ ಇದರ ಮೇಲೆ.

1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ಆ ಕಾಲಕ್ಕೆ ವಿಚಿತ್ರ ಅನ್ನಿಸುವ ತೀರ್ಮಾನ ತಗೊಂಡಿತು. ನೀವು ಎಲ್ಲಿ ಓದಿದ್ರಿ, ಯಾರ ಹತ್ರ ಓದಿದ್ರಿ ಅಂತ ಕೇಳೋದಿಲ್ಲ. ನಮ್ಮ ಪರೀಕ್ಷೆ ಪಾಸಾದರೆ ಡಿಗ್ರಿ ನಿಮ್ಮದು. ವೈದ್ಯಕೀಯಕ್ಕೆ ಮಾತ್ರ ಈ ಸೌಲಭ್ಯ ಇರಲಿಲ್ಲ (ಇವತ್ತಿಗೂ ಇಲ್ಲ ನೋಡಿ). ಹೆಣ್ಣುಮಕ್ಕಳು ಡಿಗ್ರಿಗಾಗಿ ಇನ್ನೂ 20 ವರ್ಷ, ಅಂದ್ರೆ 1878ರವರೆಗೆ ಕಾಯಬೇಕಾಯ್ತು. ಮುಂದೆ ರಾಬೆನ್ ದ್ವೀಪದ ಜೈಲಿನಲ್ಲಿದ್ದ ನೆಲ್ಸನ್ ಮಂಡೇಲಾ ಕೂಡ ಇದೇ ವ್ಯವಸ್ಥೆಯಲ್ಲಿ ಕಾನೂನು ಓದಿದರು. ಕೊನೆಗೆ ಅವರಿಗೆ ಎಲ್‌ಎಲ್‌ಬಿ ಸಿಕ್ಕಿದ್ದು 1989ರಲ್ಲಿ, ದಕ್ಷಿಣ ಆಫ್ರಿಕಾದ ದೂರಶಿಕ್ಷಣ ವಿಶ್ವವಿದ್ಯಾಲಯ ಯುನಿಸಾದಿಂದ. ಆಗಲೂ ಜೈಲಿನಲ್ಲೇ ಇದ್ದರು.

ಲಂಡನ್ ಮಾಡಿದ್ದರಲ್ಲಿ ಒಂದು ಬಲವಿತ್ತು: ಡಿಗ್ರಿಯ ಹಿಂದೆ ಗಟ್ಟಿ ಪರೀಕ್ಷೆ ಇತ್ತು. ಕೊರತೆಯೂ ಅಲ್ಲೇ ಇತ್ತು. ಪಾಠ ಹೇಳೋರು ಯಾರು? ಅದು ನಿಮ್ಮ ಹಣೆಬರಹ.

ಭಾಗ 2 📺

ಈ ಕೊರತೆಯನ್ನು ಗಂಭೀರವಾಗಿ ತಗೊಂಡಿದ್ದು ಬ್ರಿಟನ್ನಿನ ಓಪನ್ ಯೂನಿವರ್ಸಿಟಿ. ಸ್ಥಾಪನೆ 1969, ಪಾಠ ಶುರುವಾಗಿದ್ದು 1971ರ ಜನವರಿಯಲ್ಲಿ. ಸೇರೋಕೆ ಹಿಂದಿನ ಮಾರ್ಕ್ಸ್ ಕಾರ್ಡೇ ಬೇಡ. ಎಲ್ಲರಿಗೂ ನೆನಪಿರೋದು ಬಿಬಿಸಿಯಲ್ಲಿ ಬರುತ್ತಿದ್ದ ಪಾಠಗಳು. ಆದರೆ ನನಗೆ ದೊಡ್ಡದಾಗಿ ಕಾಣೋದು ಟಿವಿ ಅಲ್ಲ, ಟ್ಯೂಟರ್. ನೀವು ಬರೆದು ಕಳಿಸಿದ ಅಸೈನ್‌ಮೆಂಟನ್ನು ಒಬ್ಬರು ಕೂತು ಓದಿ, ತಿದ್ದಿ, ಇಲ್ಲಿ ಯಾಕೆ ತಪ್ಪಿದ್ದೀರಿ ಅಂತ ಬರೆದು ವಾಪಸ್ ಕಳಿಸ್ತಿದ್ರು. ಬೇಸಿಗೆಯಲ್ಲಿ ಶಿಬಿರಗಳೂ ಇದ್ದವು, ಮುಖ ನೋಡಿ ಮಾತಾಡೋಕೆ.

ಭಾಗ 3 📚

ಈಗ ನಮ್ಮ ಮನೆ ಹತ್ರ ಬರೋಣ. ಭಾರತದಲ್ಲಿ ಅಂಚೆ ತೆರಪಿನ ಶಿಕ್ಷಣ ಶುರುವಾಗಿದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಶುರುಮಾಡಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯ್ತು. ನಿಮ್ಮ ನೆಂಟರಲ್ಲಿ ಯಾರಾದ್ರೂ “ಕರೆಸ್ಪಾಂಡೆನ್ಸ್‌ನಲ್ಲಿ ಮಾಡಿದ್ದು” ಅಂತ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿರ್ತಾರೆ. ಕೆಲಸ ಬಿಡೋಕಾಗದ ಗುಮಾಸ್ತರು, ಮದುವೆಯಾಗಿ ಓದು ನಿಂತ ಹೆಂಗಸರು, ಪ್ರಮೋಶನ್‌ಗೆ ಡಿಗ್ರಿ ಬೇಕಿದ್ದ ನೌಕರರಿಗೆ ಬೇರೆ ದಾರಿ ಇರಲಿಲ್ಲ. ಆ ದನಿ ತಗ್ಗಬೇಕಾಗಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಆದ್ರೆ ಇದೇ ಚರಿತ್ರೆಯಲ್ಲಿ ಕಹಿ ಅಧ್ಯಾಯವೂ ಇದೆ. ರಾಜ್ಯದ ಗಡಿ ದಾಟಿ, ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸ್ ನಡೆಸಿದ್ದು ನಿಯಮಕ್ಕೆ ವಿರುದ್ಧ ಅಂತ ಯುಜಿಸಿ ತಕರಾರು ತೆಗೆಯಿತು. 2012-13ರ ನಂತರ ಮುಕ್ತ ವಿವಿಗೆ ಮಾನ್ಯತೆ ಇಲ್ಲ ಅಂದಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ, 2018-19ನೇ ಸಾಲಿನಿಂದ. ನಡುವಿನ ವರ್ಷಗಳಲ್ಲಿ ಸೇರಿದವರು ಯಾವ ತಪ್ಪೂ ಮಾಡಿರಲಿಲ್ಲ. ಫೀಸ್ ಕಟ್ಟಿದ್ರು, ಓದಿದ್ರು. ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ಡಿಗ್ರಿ ನಡೆಯುತ್ತೋ ಇಲ್ಲವೋ ಅನ್ನೋ ಆತಂಕ ಮಾತ್ರ ಅವರ ಪಾಲಿಗೆ ಬಂತು.

ಭಾಗ 4 💻

ಅಲ್ಲಿಂದ ಇಲ್ಲಿಗೆ ಕಾನೂನು ಬದಲಾಗಿದೆ. ಯುಜಿಸಿ 2020ರಲ್ಲಿ ದೂರಶಿಕ್ಷಣಕ್ಕೂ ಆನ್‌ಲೈನ್ ಶಿಕ್ಷಣಕ್ಕೂ ಒಟ್ಟಿಗೇ ನಿಯಮ ತಂದಿತು, ಫ್ರಾಂಚೈಸಿ ಕೊಡುವಂತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ, ಮಾನ್ಯತೆ ಇರುವ ವಿವಿಯ ಆನ್‌ಲೈನ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಸ್ಪಷ್ಟಪಡಿಸಿತು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್ ಥರದ ಡಿಗ್ರಿಗಳನ್ನು ಆನ್‌ಲೈನ್‌ನಲ್ಲಿ ಕೊಡುವಂತಿಲ್ಲ. ಯಾರಾದ್ರೂ ಆನ್‌ಲೈನ್ ಬಿಟೆಕ್ ಅಂತ ಫೋನ್ ಮಾಡಿದ್ರೆ ಅಲ್ಲೇ ಕಟ್ ಮಾಡಿ.

ಕಾಗದದ ಮೇಲೆ ಸಮ, ಸರಿ. ದಿನನಿತ್ಯದಲ್ಲಿ? ಹಾಸ್ಟೆಲ್ ಖರ್ಚಿಲ್ಲ, ಬಸ್ಸಿಗೆ ಕಾಯೋದಿಲ್ಲ, ದುಡಿಯುತ್ತಾ ಓದಬಹುದು. ಆದ್ರೆ ಲೈಬ್ರರಿ, ಲ್ಯಾಬ್, ಕ್ಯಾಂಟೀನ್ ಜಗಳ, “ಕ್ಲಾಸಿಗೆ ಯಾಕೆ ಬರ್ಲಿಲ್ಲ” ಅಂತ ಕೇಳುವ ಮೇಷ್ಟ್ರು ಯಾರೂ ಇರಲ್ಲ. ರೆಕಾರ್ಡೆಡ್ ವಿಡಿಯೋ ನೀವು ನಿದ್ದೆ ಹೋದರೂ ಓಡ್ತಾನೇ ಇರುತ್ತೆ. ನನ್ನ ಕೇಳಿದ್ರೆ, ಹದಿನೆಂಟು ವರ್ಷ, ಹತ್ತಿರದಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹೋಗೋಕೆ ಅನುಕೂಲ ಇದ್ರೆ ಅಲ್ಲಿಗೇ ಹೋಗಿ. ಮನೆ ಜವಾಬ್ದಾರಿ, ಕೆಲಸ ಇದ್ರೆ ಆನ್‌ಲೈನ್ ಹಿಡಿಯೋದರಲ್ಲಿ ಸಂಕೋಚ ಬೇಡ.

ಸೇರುವವರು ಅಡ್ಮಿಷನ್ ಮಾಡಿಸುವವರಿಗೆ ಒಂದು ಪ್ರಶ್ನೆ ಕೇಳಿ: ನನ್ನ ಅಸೈನ್‌ಮೆಂಟ್ ಯಾರು ತಿದ್ತಾರೆ, ಎಷ್ಟು ದಿನಕ್ಕೆ ವಾಪಸ್ ಬರುತ್ತೆ? ದುಡ್ಡು ಕಟ್ಟೋ ಮುಂಚೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ವೆಬ್‌ಸೈಟ್ ತೆಗೆದು ನೋಡಿ. ಬರೀ ವಿವಿಯ ಹೆಸರು ಕಂಡ್ರೆ ಸಾಲದು. ನೀವು ಸೇರುವ ಕೋರ್ಸಿಗೆ, ನೀವು ಸೇರುವ ಸಾಲಿಗೆ ಮಾನ್ಯತೆ ಇದೆಯಾ ಅಂತ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

#ಚರಿತ್ರೆಸರಣಿ #ದೂರಶಿಕ್ಷಣ #ಆನ್‌ಲೈನ್‌ಡಿಗ್ರಿ