ಸ್ಯಾನ್ ಸ್ಟಾರ್ಮ್: ಬೆಂಗಳೂರಿನವರ ಫ್ರೆಂಚ್ ಸ್ಪೋರ್ಟ್ಸ್ ಕಾರು

ರೈಲು ಎಂಜಿನ್ ತಯಾರಿಸುತ್ತಿದ್ದ ಬೆಂಗಳೂರಿನ ಸ್ಯಾನ್ ಸಮೂಹ 1990ರ ದಶಕದ ಕೊನೆಗೆ ಇಬ್ಬರೇ ಕೂರುವ, ಮೇಲ್ಛಾವಣಿ ಮಡಚುವ ಈ ಪುಟ್ಟ ಕಾರನ್ನು ರಸ್ತೆಗಿಳಿಸಿತು. ವಿನ್ಯಾಸ ಫ್ರಾನ್ಸಿನ ಲ ಮಾನ್ ಸಂಸ್ಥೆಯದು, ತಯಾರಿಕೆ ನಡೆದದ್ದು ಗೋವಾದಲ್ಲಿ.

ಇದರ ಬಾಡಿಯನ್ನು ಬೆರಳಿನಿಂದ ತಟ್ಟಿದರೆ ತಗಡಿನ ಸದ್ದು ಬಾರದು, ಇದು ಫೈಬರ್‌ಗ್ಲಾಸ್. ಉಕ್ಕಿನ ತಗಡನ್ನು ಒತ್ತಿ ರೂಪಿಸುವ ಅಚ್ಚುಗಳು ಬಲು ದುಬಾರಿ, ಸಾವಿರಾರು ಕಾರು ಮಾರಿದರಷ್ಟೇ ಗಿಟ್ಟುತ್ತವೆ. ಗಾಜಿನ ನಾರಿನ ಹಾಸುಗಳನ್ನು ಅಚ್ಚಿನ ಮೇಲೆ ಹರಡಿ, ಪದರ ಪದರವಾಗಿ ರಾಳ ಸವರಿ ಗಟ್ಟಿಯಾಗಲು ಬಿಟ್ಟರೆ ಕೆಲವೇ ಕಾರುಗಳನ್ನೂ ಕಟ್ಟಬಹುದು. ತುಕ್ಕಿನ ಭಯವಿಲ್ಲ, ತೂಕವೂ ಕಡಿಮೆ. ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್ ಕೊಡುವುದು ಬರೀ 60 ಅಶ್ವಶಕ್ತಿ. ಹಗುರ ಮೈಯಿಂದಾಗಿ ಅಷ್ಟರಲ್ಲೇ ಕಾರು ಲವಲವಿಕೆಯಿಂದ ಓಡುತ್ತದೆ. ಕೊಂಡವರು ಕೆಲವರೇ. ಆದರೂ ಭಾರತದಲ್ಲಿ ಇಂಥ ಸ್ಪೋರ್ಟ್ಸ್ ಕಾರನ್ನು ಮಾರಾಟಕ್ಕಿಟ್ಟ ಮೊದಲಿಗರಲ್ಲಿ ಸ್ಯಾನ್‌ನವರೂ ಸೇರುತ್ತಾರೆ.