ಎರೆನಾಡಿನ ಕುಂಡದಲ್ಲಿ ಗಾರ್ಡೀನಿಯಾ

ಗಾರ್ಡೀನಿಯಾ ಗಿಡವನ್ನು ಮನೆಯೊಳಗೆ ಬೆಳೆಸಿದವರ ದೂರು ಎಲ್ಲೆಡೆ ಒಂದೇ. ಎಲೆ ಹಸಿರಾಗಿ ಮಿಂಚುತ್ತಿರುತ್ತದೆ, ಮೊಗ್ಗು ಕಟ್ಟುತ್ತದೆ, ಇನ್ನೇನು ಅರಳಬೇಕು ಎನ್ನುವಾಗ ಮೊಗ್ಗು ಹಳದಿಯಾಗಿ ಉದುರುತ್ತದೆ. ಕುಂಡದ ಜಾಗ ಬದಲಿಸಿದರೆ ಮುನಿಸು, ನೀರು ಹೆಚ್ಚಾದರೂ ಮುನಿಸು, ಕಡಿಮೆಯಾದರೂ ಮುನಿಸು. ಉತ್ತರ ಭಾರತದವರು ಇದನ್ನು ಗಂಧರಾಜ ಎನ್ನುತ್ತಾರೆ; ರಾಜನ ಗತ್ತೂ ಇದಕ್ಕಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ದೇವದುರ್ಗ, ಮಾನ್ವಿಯ ಮನೆಗಳಲ್ಲಿ ಇದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದರೆ, ಹೂವಿನ ಚರಿತ್ರೆಯ ಜೊತೆಗೆ ಈ ನೆಲದ ಚರಿತ್ರೆಯನ್ನೂ ಓದಬೇಕಾಗುತ್ತದೆ.

ಗಾರ್ಡೀನಿಯಾದ ತವರು ದಕ್ಷಿಣ ಚೀನಾ ಮತ್ತು ಅದರ ಸುತ್ತಲಿನ ಮಳೆನಾಡು. ಅದರ ಕಾಯಿಯಿಂದ ಹಳದಿ ಬಣ್ಣ ತೆಗೆದು ಬಟ್ಟೆಗೂ ತಿನಿಸಿಗೂ ಬಳಸುವುದು ಚೀನಾ, ಜಪಾನುಗಳ ಹಳೆಯ ರೂಢಿ. 18ನೇ ಶತಮಾನದ ನಡುಭಾಗದಲ್ಲಿ ಲಂಡನ್ ಬಳಿಯ ವುಡ್‌ಫರ್ಡ್‌ನಲ್ಲಿ, ರಿಚರ್ಡ್ ವಾರ್ನರ್ ಎಂಬಾತನ ತೋಟದಲ್ಲಿ ಈ ಗಿಡ ಹೂಬಿಟ್ಟು ಸಸ್ಯಪ್ರಿಯರ ಗಮನ ಸೆಳೆಯಿತು. ಅದು ಅಲ್ಲಿಗೆ ಬಂದದ್ದು ಆಫ್ರಿಕದ ಗುಡ್‌ಹೋಪ್ ಭೂಶಿರದ ಕಡೆಯಿಂದ. ಪರಿಮಳ ಮಲ್ಲಿಗೆಯ ಹಾಗೆ. ಹಾಗಾಗಿ ಜನ ಅದನ್ನು ‘ಕೇಪ್ ಜಾಸ್ಮಿನ್’ ಎಂದರು. ಆ ಹೆಸರಿನ ಎರಡು ಪದಗಳೂ ತಪ್ಪು. ಗಿಡ ಆಫ್ರಿಕದ್ದಲ್ಲ, ಮಲ್ಲಿಗೆಯೂ ಅಲ್ಲ. ಅದು ಕಾಫಿಯ ಕುಟುಂಬಕ್ಕೆ ಸೇರಿದ್ದು.

1761ರಲ್ಲಿ ಜಾನ್ ಎಲ್ಲಿಸ್ ಎಂಬ ಪ್ರಕೃತಿ ವಿಜ್ಞಾನಿ ಅದಕ್ಕೆ ಗಾರ್ಡೀನಿಯಾ ಎಂಬ ಹೆಸರನ್ನು ಪ್ರಕಟಿಸಿದ. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಗಾರ್ಡನ್‌ನ ಗೌರವಕ್ಕೆ ಇಟ್ಟ ಹೆಸರದು. ಗಿಡವನ್ನು ಹುಡುಕಿದವನು ಗಾರ್ಡನ್ ಅಲ್ಲ. ಮುಂದೆ ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷ್ ದೊರೆಯ ಪಕ್ಷ ಹಿಡಿದ ಆತ ಆಸ್ತಿ ಕಳೆದುಕೊಂಡು ಲಂಡನ್ ಸೇರಿ, 1791ರಲ್ಲಿ ತೀರಿಕೊಂಡ. ಗಿಡವೂ ಅದಕ್ಕೆ ಹೆಸರು ಕೊಟ್ಟವನೂ ಬೇರು ಕಿತ್ತು ಬೇರೆಡೆ ಬದುಕಿದವರೇ.

ಯುರೋಪಿನಲ್ಲಿ ಗಾರ್ಡೀನಿಯಾ ಗಾಜಿನ ಮನೆಯ ಗಿಡವಾಯಿತು. ಇಂದು ನಮಗೆ ಸಿಗುವ ಆರೈಕೆಯ ಸಲಹೆಗಳಲ್ಲಿ ಚಳಿದೇಶದ ಆ ಅನುಭವವೇ ಹೆಚ್ಚು: ಹಿಮದಿಂದ ಕಾಪಾಡಿ, ಬೆಚ್ಚಗಿಡಿ. ರಾಯಚೂರಿನಲ್ಲಿ ಕಷ್ಟ ಬೇರೆ. ಇಲ್ಲಿ ಗಿಡಕ್ಕೆ ಎದುರಾಗುವುದು ಬಿಸಿಗಾಳಿ, ಮಣ್ಣು ಮತ್ತು ನೀರು.

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ದೋಆಬ್‌ಗಾಗಿ ಬಹಮನಿ, ವಿಜಯನಗರದ ಅರಸರು ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಬಿಳಿಜೋಳ, ಹತ್ತಿ ಬೆಳೆಯುವ ಇಲ್ಲಿನ ಎರೆಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು. ಅದರ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಗಾರ್ಡೀನಿಯಾಕ್ಕೆ ಬೇಕಾದದ್ದು 5ರಿಂದ 6ರ ಹುಳಿಮಣ್ಣು. ಸುಣ್ಣದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದರ ಬೇರಿಗೆ ದಕ್ಕುವುದಿಲ್ಲ. ಆಗ ಎಳೆಯ ಎಲೆ ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಗಿಡ ಸೊರಗಿತೆಂದು ಕೊಳವೆಬಾವಿಯ ಗಡುಸು ನೀರನ್ನು ಇನ್ನಷ್ಟು ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ನೀರು ಆರಿಹೋಗಿ, ಅದು ತಂದ ಲವಣ ಉಳಿದುಕೊಂಡಿದೆ ಎಂದರ್ಥ.

ಈ ಬಿಳಿಯ ಪೊರೆ ಇಲ್ಲಿನ ರೈತರಿಗೆ ಹೊಸದಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಯಿತು. ಎಡದಂಡೆ ಕಾಲುವೆ ಮಾನ್ವಿ, ರಾಯಚೂರಿನ ಕಡೆ ಬಂತು. ಕಡಿಮೆ ನೀರಿನ ಬೆಳೆಗಳನ್ನೇ ಹೆಚ್ಚಾಗಿ ನೆನೆದು ರೂಪಿಸಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ನೀರು ಬಸಿದುಹೋಗಲು ದಾರಿಯಿಲ್ಲದ ಹೊಲಗಳು ಜವಳಾದವು, ಉಪ್ಪು ಮೇಲೆದ್ದು ಸವಳಾದವು. ಕಾಲುವೆಯ ಕೊನೆಯ ಭಾಗದ ಹೊಲಗಳು ನೀರಿಗಾಗಿ ಕಾಯುತ್ತ ಉಳಿದವು. ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗಕ್ಕೆ ಬಂದಾಗಲೂ ಎರೆಯ ಗುಣ ಅದೇ: ಕೊಟ್ಟ ನೀರಿಗೆ ಹೊರದಾರಿ ಬೇಕು. ಕುಂಡದ ತಳದಲ್ಲಿ ತೂತಿಲ್ಲದಿದ್ದರೆ ಆಗುವುದೂ, ಬಸಿಗಾಲುವೆಯಿಲ್ಲದ ಹೊಲದಲ್ಲಿ ಆಗುವುದೂ ಒಂದೇ.

ಆದ್ದರಿಂದ ಇಲ್ಲಿ ಗಾರ್ಡೀನಿಯಾ ಸಾಕುವವರು ಎರೆಮಣ್ಣನ್ನು ಬಿಟ್ಟು, ಕೆಂಪು ಮಸಾರಿ ಮಣ್ಣಿಗೆ ಕೊಳೆತ ಎಲೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ಬೆರೆಸಬೇಕು. ಕುಂಡವನ್ನು ಪೂರ್ವದ ಕಿಟಕಿಯ ಬಳಿ, ಬೆಳಗಿನ ಬಿಸಿಲು ತಾಗುವಂತೆ ಇಡಬೇಕು. ಮಧ್ಯಾಹ್ನದ ಝಳ, ಏರ್‌ಕೂಲರಿನ ನೇರ ಗಾಳಿ ಎರಡೂ ಬೇಡ. ಹರಳು ತುಂಬಿದ ತಟ್ಟೆಯಲ್ಲಿ ನೀರು ನಿಲ್ಲಿಸಿ, ಅದರ ಮೇಲೆ ಕುಂಡವಿಟ್ಟರೆ ಸುತ್ತ ತುಸು ತೇವ ಉಳಿಯುತ್ತದೆ. ಕುಂಡದ ತಳ ಮಾತ್ರ ನೀರಿಗೆ ತಾಗಬಾರದು. ಮೊಗ್ಗು ಕಟ್ಟಲು ರಾತ್ರಿಯ ತಂಪು ಬೇಕು; ನಮ್ಮಲ್ಲಿ ಅದು ಸಿಗುವುದು ಚಳಿಗಾಲದಲ್ಲಿ. ಆಗ ಕುಂಡವನ್ನು ಅತ್ತಿತ್ತ ಸರಿಸದಿರುವುದೇ ದೊಡ್ಡ ಆರೈಕೆ.

ಎಲ್ಲಕ್ಕಿಂತ ಮುಖ್ಯ ಮಳೆನೀರು, ಅದರಲ್ಲಿ ಸುಣ್ಣವಿಲ್ಲ. ರಾಯಚೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಾಳಿಗೆಯ ಮೇಲೆ ಅಷ್ಟು ಮಳೆ ಬಿದ್ದರೆ 5,000 ಲೀಟರಿಗೂ ಹೆಚ್ಚು ನೀರು. ದಿನಕ್ಕೊಂದು ಲೀಟರ್ ಕುಡಿಯುವ ಗಿಡಕ್ಕೆ ವರ್ಷಕ್ಕೆ 400 ಲೀಟರ್ ಕೂಡ ಬೇಕಿಲ್ಲ. ನಾಲ್ಕು ತಿಂಗಳ ಮಳೆಯನ್ನು ಹನ್ನೆರಡು ತಿಂಗಳಿಗೆ ಹಂಚುವ ಈ ಲೆಕ್ಕ ಹೊಲಕ್ಕೂ ಕುಂಡಕ್ಕೂ ಒಂದೇ.

ಇದೇ ಗಾರ್ಡೀನಿಯಾ ಕುಲದ ಇನ್ನೊಂದು ಗಿಡ ದಖ್ಖನಿನ ಒಣ ಕುರುಚಲು ಕಾಡುಗಳಲ್ಲಿ ಬೆಳೆಯುತ್ತದೆ. ಅದರ ಚಿಗುರಿನಿಂದ ಒಸರುವ ಅಂಟೇ ಡಿಕಾಮಲಿ. ಮಕ್ಕಳಿಗೆ ಹಲ್ಲು ಬರುವಾಗ, ಹೊಟ್ಟೆಹುಳಕ್ಕೆ ಮನೆಮದ್ದಾಗಿ ಬಳಸುತ್ತ ಬಂದದ್ದು. ಅದಕ್ಕೆ ಕಿಟಕಿ ಬೇಡ, ತಟ್ಟೆ ಬೇಡ. ಬಿಸಿಲಿನಲ್ಲಿ, ಕಲ್ಲುನೆಲದಲ್ಲಿ ನಿಂತು ಬೆಳ್ಳಗೆ ಹೂಬಿಟ್ಟು, ಹೂವು ಹಳದಿಗೆ ತಿರುಗುವವರೆಗೂ ಗಮಗಮಿಸುತ್ತದೆ. ಅದರ ಚೀನೀ ದಾಯಾದಿಯನ್ನು ನಾವು ಹಠಮಾರಿ ಎನ್ನುವಾಗ, ಅದು ಬಿಟ್ಟುಬಂದ ಮಣ್ಣು ಎಂಥದ್ದು, ಮಳೆ ಎಷ್ಟು ಎಂದು ಒಮ್ಮೆ ಕೇಳಿಕೊಳ್ಳುವುದು ನ್ಯಾಯ.